ಹಾಲಿನ ಪ್ಯಾಕೆಟ್ ತೊಳೆದೆವು, ಕೊತ್ತಂಬರಿ ಮರೆತೆವು

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಶುರುವಾದಾಗ ಮನೆಮನೆಯಲ್ಲೂ ಒಂದು ಹೊಸ ಕೆಲಸ ಸೇರಿಕೊಂಡಿತು. ಹಾಲಿನ ಪ್ಯಾಕೆಟ್ಟಿಗೆ ಸೋಪು, ಬಿಸ್ಕತ್ತಿನ ಪೊಟ್ಟಣಕ್ಕೆ ಸ್ಯಾನಿಟೈಸರ್, ಬೇಳೆ-ಸಕ್ಕರೆ ಚೀಲಗಳಿಗೆ ಬಾಲ್ಕನಿಯ ಮೂಲೆಯಲ್ಲಿ ಮೂರು ದಿನದ ವಾಸ. ಆ ಭಯ ಇಳಿದ ಮೇಲೆ ಎರಡು ಬಗೆಯ ಮನೆಗಳು ಕಾಣುತ್ತವೆ. ಕೆಲವರು ಎಲ್ಲವನ್ನೂ ಒಟ್ಟಿಗೇ ಬಿಟ್ಟುಬಿಟ್ಟರು, ಬಸ್ಸಿಳಿದು ಬಂದ ಕೈಯಲ್ಲೇ ಸೌತೆಕಾಯಿ ಹೆಚ್ಚುತ್ತಾರೆ. ಇನ್ನು ಕೆಲವರು ಈಗಲೂ ಟೊಮೆಟೊವನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜುತ್ತಾರೆ. ಎರಡೂ ತಪ್ಪು. ಯಾವ ವೈರಸ್ ಎಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಯಾವುದಕ್ಕೆ ಯಾವುದು ತಾಗುತ್ತದೆ ಅನ್ನುವುದು ತಿಳಿದಿದ್ದರೆ ಬೇಡದ ಕೆಲಸ ಬಿಟ್ಟುಹೋಗುತ್ತದೆ, ಬೇಕಾದ ಕೆಲಸ ಕಣ್ಣಿಗೆ ಬೀಳುತ್ತದೆ. ನನ್ನ ಮಾತು ಇಷ್ಟೇ: ಪೊಟ್ಟಣದ ಮೇಲೆ ಇಟ್ಟ ಗಮನವನ್ನು ಕೈಯ ಮೇಲೆ ಮತ್ತು ಬೇಯಿಸದೆ ತಿನ್ನುವ ಪದಾರ್ಥಗಳ ಮೇಲೆ ಇಡಿ.

ಆ ಮೂರು ದಿನ ಎಲ್ಲಿಂದ ಬಂತು

2020ರ ಮಾರ್ಚ್‌ನಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೊರೊನಾ ವೈರಸ್ ಇರುವ ದ್ರವವನ್ನು ಪ್ಲಾಸ್ಟಿಕ್, ಸ್ಟೀಲ್, ರಟ್ಟು, ತಾಮ್ರದ ತುಂಡುಗಳ ಮೇಲೆ ಹಾಕಿ, 21ರಿಂದ 23 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಶೇ 40 ತೇವಾಂಶದಲ್ಲಿ ಇಟ್ಟು ನೋಡಿದ್ದರು. ತಾಮ್ರದ ಮೇಲೆ 4 ಗಂಟೆ, ರಟ್ಟಿನ ಮೇಲೆ 24 ಗಂಟೆ ಕಳೆದ ಮೇಲೆ ಜೀವಂತ ವೈರಸ್ ಸಿಗಲಿಲ್ಲ. ಸ್ಟೀಲ್ ಮತ್ತು ಪ್ಲಾಸ್ಟಿಕ್ ಮೇಲೆ ಎರಡು ಮೂರು ದಿನದವರೆಗೂ ಸಿಕ್ಕಿತು. ಟಿವಿ, ವಾಟ್ಸಾಪ್‌ಗಳಲ್ಲಿ ಓಡಾಡಿದ್ದು ಈ ‘72 ಗಂಟೆ’ ಮಾತ್ರ. ಆ ಹೊತ್ತಿಗೆ ಎಷ್ಟು ಉಳಿದಿತ್ತು ಅನ್ನುವುದನ್ನು ಯಾರೂ ಹೇಳಲಿಲ್ಲ.

ಅದೇ ಪ್ರಯೋಗದ ಲೆಕ್ಕದಲ್ಲಿ ಪ್ಲಾಸ್ಟಿಕ್ ಮೇಲಿನ ವೈರಸ್ ಸುಮಾರು ಏಳು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ರಟ್ಟಿನ ಮೇಲೆ ಸುಮಾರು ಮೂರೂವರೆ ಗಂಟೆಗೊಮ್ಮೆ. ಅಂದರೆ ಒಂದು ದಿನ ಕಳೆಯುವಷ್ಟರಲ್ಲಿ ಪ್ಲಾಸ್ಟಿಕ್ ಮೇಲೆ ಹತ್ತರಲ್ಲೊಂದು ಪಾಲು, ರಟ್ಟಿನ ಮೇಲೆ ನೂರರಲ್ಲೊಂದು ಪಾಲಿಗಿಂತ ಕಡಿಮೆ. ಮೂರು ದಿನಕ್ಕೆ ಪ್ಲಾಸ್ಟಿಕ್ ಮೇಲೂ ಸಾವಿರದಲ್ಲೊಂದು ಪಾಲಿನ ಆಸುಪಾಸು. ಅದೂ ಪ್ರಯೋಗಾಲಯದಲ್ಲಿ ಬೇಕೆಂದೇ ಧಾರಾಳವಾಗಿ ಹಾಕಿದ ವೈರಸ್. ಅಂಗಡಿಯಲ್ಲಿ ಯಾರೋ ಮುಟ್ಟಿಟ್ಟ ರವೆ ಪ್ಯಾಕೆಟ್ಟಿನ ಮೇಲೆ ಅಷ್ಟು ಇರುವುದೇ ಇಲ್ಲ.

ಆಮೇಲೆ ಇನ್ನೂ ಗಾಬರಿ ಹುಟ್ಟಿಸುವ ಸಂಖ್ಯೆಗಳು ಬಂದವು. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆ 2020ರ ಅಕ್ಟೋಬರ್‌ನಲ್ಲಿ ಗಾಜು, ಸ್ಟೀಲ್, ನೋಟುಗಳ ಮೇಲೆ 28 ದಿನ ವೈರಸ್ ಉಳಿಯಿತು ಎಂದಿತು. ಆದರೆ ಅದು 20 ಡಿಗ್ರಿಯಲ್ಲಿ, ಪೂರ್ತಿ ಕತ್ತಲಲ್ಲಿ ನಡೆದ ಪರೀಕ್ಷೆ. ಅದೇ ತಂಡ 40 ಡಿಗ್ರಿಯಲ್ಲಿ ಇಟ್ಟಾಗ ಒಂದೆರಡು ದಿನದಲ್ಲೇ ಎಲ್ಲ ಮುಗಿದಿತ್ತು. ಬಿಸಿಲಿನ ಅತಿನೇರಳೆ ಕಿರಣ ಬಿದ್ದರಂತೂ ನಿಮಿಷಗಳ ಲೆಕ್ಕ. ಸೋಂಕು ಹಬ್ಬಿದ್ದ ಡೈಮಂಡ್ ಪ್ರಿನ್ಸೆಸ್ ಪ್ರವಾಸಿ ಹಡಗಿನ ಕೋಣೆಗಳಲ್ಲಿ ಜನ ಖಾಲಿ ಮಾಡಿದ 17 ದಿನದ ಮೇಲೂ ವೈರಸ್ ‘ಸಿಕ್ಕಿತು’ ಅನ್ನುವ ಸುದ್ದಿಯೂ ಇಂಥದ್ದೇ. ಅಲ್ಲಿ ಸಿಕ್ಕಿದ್ದು ಆರ್‌ಎನ್‌ಎ ತುಣುಕು. ಪಿಸಿಆರ್ ಪರೀಕ್ಷೆ ಸತ್ತ ವೈರಸ್ಸಿನ ಚೂರನ್ನೂ ಹಿಡಿಯುತ್ತದೆ, ಅದು ಸೋಂಕು ತರಬಲ್ಲದೇ ಎಂದು ಹೇಳುವುದಿಲ್ಲ. ‘ವೈರಸ್ ಪತ್ತೆ’ ಅನ್ನುವ ಶೀರ್ಷಿಕೆ ಓದಿದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಇದು: ಜೀವಂತ ವೈರಸ್ಸೋ, ಬರೀ ಚೂರೋ?

2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಅಂದಾಜು ಹೇಳಿತು: ಸೋಂಕು ಮೆತ್ತಿದ ವಸ್ತುವನ್ನು ಒಂದು ಸಲ ಮುಟ್ಟಿದರೆ ಕೊರೊನಾ ತಗಲುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ. ಕೊರೊನಾ ಹರಡುವುದು ಮುಖ್ಯವಾಗಿ ಉಸಿರಿನಿಂದ, ಗಾಳಿಯಿಂದ. ಹಾಗಾಗಿ ದಿನಸಿ ಪೊಟ್ಟಣವನ್ನು ಒರೆಸುವ ಕೆಲಸ ಬಿಡಬಹುದು. ಸಾಮಾನು ಜೋಡಿಸಿಟ್ಟು ಕೈ ತೊಳೆದುಕೊಂಡರೆ ಆಯಿತು.

ಹಾಲಿನ ಪ್ಯಾಕೆಟ್ ಒಂದನ್ನು ಮಾತ್ರ ತೊಳೆಯಿರಿ, ಅದು ಕೊರೊನಾಕ್ಕಾಗಿ ಅಲ್ಲ. ಕ್ರೇಟಿನಲ್ಲಿ ಒಂದರ ಮೇಲೊಂದು ಬಿದ್ದು, ಒಡೆದ ಪ್ಯಾಕೆಟ್ಟಿನ ಹಾಲು ಮೈಗೆ ಮೆತ್ತಿಕೊಂಡು, ಬಾಗಿಲ ಬಳಿ ನೆಲದಲ್ಲಿ ಕೂತು ಬಂದಿರುತ್ತದೆ. ಮೂಲೆ ಕತ್ತರಿಸಿ ಬಗ್ಗಿಸಿದಾಗ ಹಾಲು ಆ ಹೊರಮೈಯನ್ನು ತೊಳೆದುಕೊಂಡೇ ಪಾತ್ರೆಗೆ ಇಳಿಯುತ್ತದೆ. ನಲ್ಲಿ ಕೆಳಗೆ ಬರೀ ನೀರಲ್ಲಿ ತೊಳೆದು, ಒರೆಸಿ, ಆಮೇಲೆ ಕತ್ತರಿಸಿ. ಕತ್ತರಿಯೂ ಅಡುಗೆಮನೆಗೆ ಮೀಸಲಾದದ್ದೇ ಇರಲಿ. ಸೋಪು ಬೇಡ.

ಕೊಬ್ಬಿನ ಹೊದಿಕೆ ಇದ್ದದ್ದು, ಇಲ್ಲದ್ದು

ಅಡುಗೆಮನೆಯ ಮಟ್ಟಿಗೆ ವೈರಸ್‌ಗಳಲ್ಲಿ ಎರಡು ಜಾತಿ ಅಂತ ತಿಳಿದುಕೊಂಡರೆ ಸಾಕು. ಕೊರೊನಾ, ಇನ್‌ಫ್ಲುಯೆಂಜಾ, ನಿಪಾ ಇವಕ್ಕೆಲ್ಲ ಮೈಮೇಲೆ ಕೊಬ್ಬಿನ ಹೊದಿಕೆ ಇದೆ. ಸೋಪು ಆ ಕೊಬ್ಬನ್ನು ಕರಗಿಸುತ್ತದೆ, ಶೇ 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಅದನ್ನು ಹರಿಯುತ್ತದೆ, ಹೊಟ್ಟೆಯ ಆಮ್ಲವೂ ಬಹಳಷ್ಟನ್ನು ಕೊಲ್ಲುತ್ತದೆ. ಹೊದಿಕೆ ಹೋದರೆ ವೈರಸ್ ಹೋದಂತೆ.

ವಾಂತಿಭೇದಿ ತರುವ ನೋರೊವೈರಸ್, ರೋಟಾವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ, ಇವು ಬೇರೆ ಜಾತಿ. ಇವುಗಳ ಹೊರಮೈ ಗಟ್ಟಿ ಪ್ರೋಟೀನ್ ಕವಚ. ಹೊಟ್ಟೆಯ ಆಮ್ಲ, ಪಿತ್ತ ಎಲ್ಲವನ್ನೂ ದಾಟಿ ಬರುವುದಕ್ಕೆಂದೇ ಒಗ್ಗಿದವು. ಸ್ಯಾನಿಟೈಸರ್ ನೋರೊವೈರಸ್ಸಿಗೆ ಅಷ್ಟಾಗಿ ನಾಟುವುದಿಲ್ಲ. ಆ ವೈರಸ್ ಒಣ ಜಾಗದ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ಹೆಪಟೈಟಿಸ್ ಎ ತಂಪಾದ ನೀರಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ನೋರೊವೈರಸ್ ಸೋಂಕಿಗೆ ಬೇಕಾದದ್ದು ಹತ್ತಿಪ್ಪತ್ತರಿಂದ ನೂರು ಕಣ ಅಷ್ಟೇ, ರೋಗಿಯ ವಾಂತಿ-ಭೇದಿಯಲ್ಲಿ ಇರುವುದು ಕೋಟಿಗಟ್ಟಲೆ. 2021ರ ನವೆಂಬರ್‌ನಲ್ಲಿ ಕೇರಳದ ವಯನಾಡಿನ ಪೂಕೋಡ್ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಕಾಣಿಸಿಕೊಂಡದ್ದು ಇದೇ ನೋರೊವೈರಸ್. ಮೈಸೂರು, ಕೊಡಗಿನ ಗಡಿಗೆ ಅಂಟಿಕೊಂಡ ಜಿಲ್ಲೆ ಅದು.

ಆಹಾರದ ಮೂಲಕ ಬರುವುದು ಹೆಚ್ಚಾಗಿ ಈ ಎರಡನೆಯ ಜಾತಿ. ನಾವು ಅಷ್ಟು ಶ್ರದ್ಧೆಯಿಂದ ಸ್ಯಾನಿಟೈಸರ್ ಹಿಡಿದು ಕಾದದ್ದು ಮೊದಲ ಜಾತಿಯನ್ನು.

ಇದರಿಂದ ಕೈಯ ವಿಷಯದಲ್ಲಿ ಒಂದು ನಿಯಮ ಹುಟ್ಟುತ್ತದೆ. ಅಡುಗೆಗೆ ಮೊದಲು, ಬಡಿಸುವ ಮೊದಲು, ಕಕ್ಕಸಿನಿಂದ ಬಂದ ಮೇಲೆ, ಮಗುವಿನ ಡಯಾಪರ್ ಬದಲಿಸಿದ ಮೇಲೆ ಸ್ಯಾನಿಟೈಸರ್ ಸಾಲದು. ಸೋಪು ಹಾಕಿ, 20 ಸೆಕೆಂಡ್ ಉಜ್ಜಿ, ಹರಿಯುವ ನೀರಲ್ಲಿ ತೊಳೆಯಬೇಕು. ಸೋಪು ನೋರೊವೈರಸ್ಸನ್ನು ಕೊಲ್ಲುವುದಿಲ್ಲ, ಚರ್ಮದಿಂದ ಬಿಡಿಸುತ್ತದೆ. ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಉಜ್ಜುವುದು, ಹರಿಯುವ ನೀರು ಎರಡೂ ಇಲ್ಲಿ ಮುಖ್ಯ, ಬೋಗುಣಿಯಲ್ಲಿ ಕೈ ಅದ್ದಿ ತೆಗೆದರೆ ಪ್ರಯೋಜನವಿಲ್ಲ. ಬೆರಳ ತುದಿ, ಉಗುರಿನ ಸಂದು, ಹೆಬ್ಬೆರಳ ಬುಡ, ಉಂಗುರದ ಅಡಿ: ತಪ್ಪಿಹೋಗುವುದು ಈ ನಾಲ್ಕು ಜಾಗ. ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ, ಸೆರಗಿನಲ್ಲೋ ಮಸಿಬಟ್ಟೆಯಲ್ಲೋ ಅಲ್ಲ. ಬಿಸಿ ಪಾತ್ರೆ ಇಳಿಸಿ, ಕಟ್ಟೆ ಒರೆಸಿ, ಅದರಲ್ಲೇ ಕೈಯೂ ಒರೆಸುವ ಮಸಿಬಟ್ಟೆ ಅಡುಗೆಮನೆಯ ಅತಿ ಕೊಳಕು ವಸ್ತುಗಳಲ್ಲೊಂದು. ದಿನಕ್ಕೊಂದರಂತೆ ಬದಲಿಸಿ, ಕುದಿಯುವ ನೀರಲ್ಲಿ ಅದ್ದಿ, ಬಿಸಿಲಿಗೆ ಹಾಕಿ.

ನಮ್ಮ ಊಟದಲ್ಲಿ ಬೇಯದೆ ಬರುವುದು ಯಾವುದು

ನಮ್ಮ ಅಡುಗೆಯ ದೊಡ್ಡ ಬಲ ಅಂದರೆ ಬಹುಪಾಲು ಕುದಿಯುತ್ತದೆ. ಸಾರು, ಹುಳಿ, ಪಲ್ಯ, ಅನ್ನ, ಮುದ್ದೆ ಇವುಗಳಿಗೆ ಬಿದ್ದ ತರಕಾರಿಯ ಮೇಲೆ ಯಾವ ವೈರಸ್ ಇದ್ದರೂ ಉಳಿಯುವುದಿಲ್ಲ. ಹೆಪಟೈಟಿಸ್ ಎ ಕೂಡ 85 ಡಿಗ್ರಿಯಲ್ಲಿ ಒಂದು ನಿಮಿಷಕ್ಕೆ ನಿಷ್ಕ್ರಿಯವಾಗುತ್ತದೆ, ಕುದಿಯುವ ಹುಳಿ ಅದಕ್ಕಿಂತ ಮೇಲೆಯೇ ಇರುತ್ತದೆ. ಹಾಗಾಗಿ ಕುಂಬಳಕಾಯಿ, ಬೀನ್ಸ್, ಆಲೂಗಡ್ಡೆ ತೊಳೆಯುವಾಗ ಮಣ್ಣು ಹೋಗುವಷ್ಟು ನೀರು ಸಾಕು.

ಗಮನ ಬೇಕಾದದ್ದು ಬೇರೆ ಪಟ್ಟಿಗೆ: ಕೋಸಂಬರಿ, ಹಸಿ ಕೊತ್ತಂಬರಿ ಚಟ್ನಿ, ಮೊಸರು ಬಜ್ಜಿ, ಹಣ್ಣಿನ ರಸಾಯನ, ಪಾನಕ, ನೀರು ಮಜ್ಜಿಗೆ, ಊಟದ ಜೊತೆಯ ಈರುಳ್ಳಿ-ಮೂಲಂಗಿ ಹೋಳು. ಎಲ್ಲಕ್ಕಿಂತ ಹೆಚ್ಚಾಗಿ, ಸಾರು ಇಳಿಸಿ ಒಲೆ ಆರಿಸಿದ ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪು. ಒಗ್ಗರಣೆ ಹಾಕಿದ್ದೇವಲ್ಲ ಅನ್ನಬೇಡಿ. ಎರಡು ಚಮಚ ಎಣ್ಣೆಯ ಬಿಸಿ ಒಂದು ಬೋಗುಣಿ ಕೋಸಂಬರಿಯನ್ನು ಬೆಚ್ಚಗೂ ಮಾಡುವುದಿಲ್ಲ. ಉಪ್ಪು, ನಿಂಬೆಹಣ್ಣು ಕೂಡ ಈ ವೈರಸ್‌ಗಳಿಗೆ ಏನೂ ಮಾಡುವುದಿಲ್ಲ.

ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ವೈರಸ್ ಆಹಾರದಲ್ಲಿ ಬೆಳೆಯುವುದಿಲ್ಲ, ಜೀವಕೋಶದ ಒಳಗೆ ಮಾತ್ರ ಬೆಳೆಯುತ್ತದೆ. ಹಳಸುವುದು, ನಾರುವುದು, ನೂಲು ಬರುವುದು ಬ್ಯಾಕ್ಟೀರಿಯಾ, ಬೂಷ್ಟುಗಳ ಕೆಲಸ. ಆದ್ದರಿಂದ ವೈರಸ್ ಬಿದ್ದ ಕೋಸಂಬರಿ ಮೂಸಿದರೂ, ರುಚಿ ನೋಡಿದರೂ ತಾಜಾ ಆಗಿಯೇ ಇರುತ್ತದೆ. ಅದನ್ನು ಫ್ರಿಜ್ಜಿನಲ್ಲಿ ಇಟ್ಟರೂ ಲಾಭವಿಲ್ಲ. ತಂಪು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ವೈರಸ್ಸನ್ನು ಕಾಪಾಡುತ್ತದೆ. ಫ್ರೀಜರ್ ಇನ್ನೂ ಚೆನ್ನಾಗಿ ಕಾಪಾಡುತ್ತದೆ. ಫ್ರೋಜನ್ ಬೆರ್ರಿ ಹಣ್ಣುಗಳಿಂದ ಅಮೆರಿಕ, ಯುರೋಪಿನಲ್ಲಿ ಮತ್ತೆ ಮತ್ತೆ ಹೆಪಟೈಟಿಸ್ ಎ ಹರಡಿದ್ದಕ್ಕೆ ಕಾರಣ ಇದೇ. ಆ ದೇಶಗಳಲ್ಲಿ ಇರುವ ನಮ್ಮವರು ಫ್ರೋಜನ್ ಬೆರ್ರಿಯನ್ನು ಹಾಗೇ ಮಿಕ್ಸಿಗೆ ಹಾಕುವ ಬದಲು ಒಂದು ಕುದಿ ಬರಿಸಿ ತಣಿಸಿಕೊಂಡರೆ ಒಳ್ಳೆಯದು, ಅದರಲ್ಲೂ ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ.

ಈಗ ಒಂದು ಕಟ್ಟು ಕೊತ್ತಂಬರಿ ತೊಳೆಯುವುದನ್ನೇ ನೋಡೋಣ. ಹೆಚ್ಚಿನವರು ಕಟ್ಟನ್ನು ಬಿಚ್ಚದೆ ನಲ್ಲಿ ಕೆಳಗೆ ಹಿಡಿದು, ಕೊಡವಿ, ಹೆಚ್ಚಿಬಿಡುತ್ತಾರೆ. ನೀರು ಹೊರಗಿನ ಎಲೆಗಳ ಮೇಲೆ ಜಾರಿಹೋಗುತ್ತದೆ, ನಡುವಿನ ಕಾಂಡಗಳ ಮಣ್ಣು ಒದ್ದೆಯಾಗಿ ಇನ್ನಷ್ಟು ಅಂಟಿಕೊಳ್ಳುತ್ತದೆ. ಹೀಗೆ ಮಾಡಿ: ದಾರ ಅಥವಾ ಬಾಳೆನಾರು ಬಿಚ್ಚಿ, ಕೊಳೆತ ಹಳದಿ ಎಲೆ ಆರಿಸಿ, ಬೇರು ಕತ್ತರಿಸಿ ಎಸೆಯಿರಿ. ಸೊಪ್ಪು ಸಡಿಲವಾಗಿ ತೇಲುವಷ್ಟು ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ಸೊಪ್ಪು ಮುಳುಗಿಸಿ, ಕೈಯಿಂದ ಅರ್ಧ ನಿಮಿಷ ಆಡಿಸಿ, ಒಂದೆರಡು ನಿಮಿಷ ಬಿಡಿ. ಮಣ್ಣು ತಳಕ್ಕೆ ಕೂರುತ್ತದೆ. ಈಗ ಸೊಪ್ಪನ್ನು ಮೇಲಿನಿಂದ ಎತ್ತಿಕೊಳ್ಳಿ. ಪಾತ್ರೆ ಬಗ್ಗಿಸಿ ನೀರು ಸೋಸಿದರೆ ತಳದ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ, ಎಲ್ಲರೂ ಮಾಡುವ ತಪ್ಪು ಇದೇ. ನೀರು ಚೆಲ್ಲಿ, ಪಾತ್ರೆ ತೊಳೆದು, ಹೊಸ ನೀರಲ್ಲಿ ಇನ್ನೆರಡು ಸಲ. ಮೂರನೇ ನೀರಿನ ತಳ ಬೆರಳಿಗೆ ಮರಳು ಸಿಗದಷ್ಟು ಚೊಕ್ಕಟವಾಗಿರಬೇಕು. ತೊಳೆದ ಮೇಲೆಯೇ ಹೆಚ್ಚಬೇಕು, ಹೆಚ್ಚಿ ತೊಳೆದರೆ ಕತ್ತರಿಸಿದ ಬಾಯಿಗೆ ಕೊಳೆ ಸೇರುತ್ತದೆ.

ಮೂರು ದಿನಕ್ಕೆ ಇಡುವುದಾದರೆ ತೊಳೆಯದೆ, ಬೇರು ಕತ್ತರಿಸಿ, ಕಾಗದದಲ್ಲಿ ಸುತ್ತಿ ಇಡಿ, ಬೇಕಾದಾಗ ತೊಳೆದುಕೊಳ್ಳಿ. ಒದ್ದೆ ಸೊಪ್ಪು ಡಬ್ಬದಲ್ಲಿ ಲೋಳೆಯಾಗುತ್ತದೆ.

ಇಷ್ಟು ತೊಳೆದರೆ ಸೊಪ್ಪಿನ ಮೇಲಿನ ವೈರಸ್ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ, ಏಕೆಂದರೆ ಎಲೆಯ ಸುಕ್ಕುಗಳಲ್ಲಿ, ಕಾಂಡದ ಸಂದಿನಲ್ಲಿ ಅದು ಹಿಡಿದುಕೊಂಡಿರುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಇನ್ನೊಂದು ಹೆಜ್ಜೆ ಇದೆ, ಕ್ಲೋರಿನ್. 2020ರಲ್ಲಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಹಣ್ಣು-ತರಕಾರಿಗೆ ಹೇಳಿದ ಅಳತೆ 50 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು. ಸುಗಂಧ, ಡಿಟರ್ಜೆಂಟ್ ಏನೂ ಸೇರದ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್ ದ್ರವ) ಇದ್ದರೆ ಲೀಟರ್ ನೀರಿಗೆ 1 ಮಿಲಿಲೀಟರ್, ಅಂದರೆ 5 ಲೀಟರಿಗೆ ಒಂದು ಟೀ ಚಮಚ. ಕಣ್ಣಂದಾಜು ಬೇಡ, ಮಕ್ಕಳ ಸಿರಪ್ ಅಳೆಯುವ ಸಿರಿಂಜ್ ಈ ಕೆಲಸಕ್ಕೆಂದೇ ಒಂದು ಬೇರೆ ಇಟ್ಟುಕೊಳ್ಳಿ. ಮಣ್ಣು ಹೋದ ಮೇಲಿನ ಕೊನೆಯ ನೀರಿಗೆ ಮಾತ್ರ ಇದನ್ನು ಹಾಕಬೇಕು. ಮಣ್ಣು, ಕೊಳೆತ ಎಲೆ ಇದ್ದರೆ ಕ್ಲೋರಿನ್ ಅವುಗಳ ಮೇಲೆಯೇ ಖರ್ಚಾಗಿಹೋಗುತ್ತದೆ. ಐದು ನಿಮಿಷ ಮುಳುಗಿಸಿ, ಕುಡಿಯುವ ನೀರಲ್ಲಿ ತೊಳೆದು, ಬಸಿಯಲು ಬಿಡಿ. ಹೈಪೋಕ್ಲೋರೈಟ್ ಬಿಸಿಲು, ಸೆಕೆಗೆ ಬಲ ಕಳೆದುಕೊಳ್ಳುತ್ತದೆ. ವರ್ಷದ ಹಳೆಯ ಬಾಟಲಿಯನ್ನು ನಂಬಬೇಡಿ.

ಡಿಶ್‌ವಾಶ್, ಕೈ ಸೋಪು, ಡೆಟಾಲ್ ತರಹದವು ತರಕಾರಿಗೆ ಖಂಡಿತ ಬೇಡ. ಟೊಮೆಟೊ ತೊಟ್ಟಿನ ಗಾಯ, ಸೊಪ್ಪಿನ ಕಾಂಡ, ಅಣಬೆ, ದ್ರಾಕ್ಷಿಯ ತೊಟ್ಟು ಇವೆಲ್ಲ ದ್ರವ ಹೀರುತ್ತವೆ. ಒಳಗೆ ಹೋದ ಡಿಟರ್ಜೆಂಟಿನಿಂದ ಹೊಟ್ಟೆನೋವು, ಭೇದಿ ಆಗುತ್ತದೆ. ಅರಿಶಿನ-ಉಪ್ಪಿನ ನೀರಲ್ಲಿ ನೆನೆಸಿದರೆ ಹೂಕೋಸಿನ ಹುಳು ಹೊರಬರುತ್ತದೆ, ಆ ಕೆಲಸಕ್ಕೆ ಅದು ಒಳ್ಳೆಯದೇ. ವೈರಸ್ಸಿಗೆ ಅದು ಮದ್ದಲ್ಲ.

ಕಲ್ಲಂಗಡಿ, ಕರ್ಬೂಜ, ಮಾವು, ಸೌತೆ ಇವನ್ನು ಸಿಪ್ಪೆ ತೆಗೆಯುತ್ತೇವಲ್ಲ ಎಂದು ತೊಳೆಯದೆ ಬಿಡಬೇಡಿ. ಚಾಕು ಸಿಪ್ಪೆಯ ಮೇಲಿನ ಕೊಳೆಯನ್ನು ಎಳೆದುಕೊಂಡೇ ತಿರುಳಿಗೆ ಇಳಿಯುತ್ತದೆ. ಕರ್ಬೂಜದ ಒರಟು ಸಿಪ್ಪೆಗೆ ಬ್ರಷ್ ಬೇಕು. ಬಾಳೆಹಣ್ಣು, ಕಿತ್ತಳೆಗೆ ಸಿಪ್ಪೆ ಸುಲಿಯುವ ಕೈ ಚೊಕ್ಕಟವಿದ್ದರೆ ಸಾಕು. ಕರಾವಳಿ, ಮಲೆನಾಡಿನ ಕಡೆ ಬಾವಲಿ ಕಚ್ಚಿದ, ಗೀರಿದ ಹಣ್ಣು ಸಿಕ್ಕರೆ ಆ ಭಾಗ ಕತ್ತರಿಸಿ ಉಳಿದದ್ದು ತಿನ್ನುವ ಉಳಿತಾಯ ಬೇಡ, ಇಡೀ ಹಣ್ಣು ಎಸೆಯಿರಿ. 2018ರಲ್ಲಿ ಕೋಯಿಕ್ಕೋಡಿನಲ್ಲಿ ಕಂಡ ನಿಪಾ ವೈರಸ್ಸಿನ ಮನೆ ಈ ಹಣ್ಣುಬಾವಲಿಗಳೇ, ಮತ್ತು ಹಣ್ಣಿನ ರಸದಲ್ಲಿ ಅದು ಗಂಟೆಗಳಿಂದ ಹಿಡಿದು ಕೆಲವು ದಿನದವರೆಗೂ ಉಳಿಯಬಲ್ಲದು.

ಮದುವೆ, ರಾಮನವಮಿ, ಊರಹಬ್ಬಗಳಲ್ಲಿ ಕೋಸಂಬರಿ, ಪಾನಕ ನೂರಾರು ಜನಕ್ಕೆ ಆಗುತ್ತದೆ. ಅಲ್ಲಿ ಒಬ್ಬರ ಕೈ ಸಾಕು. ಕೋಸಂಬರಿಯನ್ನು ಮೊಣಕೈವರೆಗೆ ಇಳಿಸಿ ಕಲಸುವ ಬದಲು ಉದ್ದ ಸೌಟಿನಲ್ಲಿ ಕಲಸಿ. ಹೆಸರುಬೇಳೆ ನೆನೆಸುವ ನೀರು, ಪಾನಕದ ನೀರು, ಮಜ್ಜಿಗೆಗೆ ಬೆರೆಸುವ ನೀರು ಎಲ್ಲವೂ ಕುದಿಸಿ ಆರಿಸಿದ್ದೇ ಆಗಿರಲಿ. ಪಾನಕಕ್ಕೆ ಹೊರಗಿನ ಐಸ್ ಹಾಕಬೇಡಿ. ಗ್ಲೌಸ್ ಹಾಕಿದ್ದಾರೆ ಎಂದು ನಿಶ್ಚಿಂತೆ ಬೇಡ, ಅದೇ ಗ್ಲೌಸಿನಲ್ಲಿ ಮೂಗು ಒರೆಸಿ, ಮೊಬೈಲ್ ಮುಟ್ಟಿ, ಹೋಳಿಗೆ ಬಡಿಸಿದರೆ ಬರಿಗೈಗಿಂತ ಅದೇನೂ ಮೇಲಲ್ಲ.

ನೀರು

1955-56ರಲ್ಲಿ ದೆಹಲಿಯಲ್ಲಿ ಯಮುನೆಯ ಪ್ರವಾಹದ ನಂತರ ಚರಂಡಿ ನೀರು ಕುಡಿಯುವ ನೀರಿಗೆ ಸೇರಿ ಸುಮಾರು 29,000 ಜನಕ್ಕೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಎಂದು ತಿಳಿದದ್ದು ದಶಕಗಳ ನಂತರ. ಆಗ ನಗರಕ್ಕೆ ಆದದ್ದು ಈಗ ಅಪಾರ್ಟ್‌ಮೆಂಟಿನ ಒಂದು ಸಂಪಿಗೆ ಆಗುತ್ತದೆ: ಬಿರುಕು ಬಿಟ್ಟ ಸಂಪಿನ ಪಕ್ಕದಲ್ಲೇ ಯುಜಿಡಿ (ಒಳಚರಂಡಿ) ಪೈಪು, ಮಳೆ ಬಂದಾಗ ತುಂಬಿ ಹರಿಯುವ ಛೇಂಬರ್.

ಕ್ಯಾಂಡಲ್ ಫಿಲ್ಟರ್, ಬಟ್ಟೆ ಸೋಸುವಿಕೆ ವೈರಸ್ಸನ್ನು ತಡೆಯುವುದಿಲ್ಲ. ಹೆಪಟೈಟಿಸ್ ಎ ವೈರಸ್ಸಿನ ಗಾತ್ರ ಸುಮಾರು 27 ನ್ಯಾನೋಮೀಟರ್, ಕ್ಯಾಂಡಲ್ಲಿನ ರಂಧ್ರ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಯುವಿ ದೀಪ ಕೊಲ್ಲುತ್ತದೆ, ಆದರೆ ನೀರು ತಿಳಿಯಾಗಿರಬೇಕು ಮತ್ತು ದೀಪ ಕಾಲಕಾಲಕ್ಕೆ ಬದಲಾಗಬೇಕು. ಅನುಮಾನ ಬಂದ ದಿನ ಕುದಿಸುವುದೇ ಸರಿ: ದೊಡ್ಡ ಗುಳ್ಳೆ ಎದ್ದು ಮರಳುವವರೆಗೆ, ಮರಳಿದ ಮೇಲೆ ಒಂದು ನಿಮಿಷ. ಆಮೇಲೆ ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಕುದಿಸಿದ ನೀರನ್ನು ತೊಳೆಯದ ಬಿಂದಿಗೆಗೆ ಸುರಿದು, ಬೆರಳು ಅದ್ದುವಂತೆ ಲೋಟ ಮುಳುಗಿಸಿ ತೆಗೆದರೆ ಕುದಿಸಿದ್ದು ವ್ಯರ್ಥ. ನಲ್ಲಿ ಇರುವ ಡ್ರಮ್ಮು ಅಥವಾ ಉದ್ದ ಹಿಡಿಯ ಸೌಟು ಇಡಿ.

ಮಾಂಸ, ಮೀನು, ಮೊಟ್ಟೆ

ಇಲ್ಲಿ ವೈರಸ್ಸಿಗಿಂತ ಬ್ಯಾಕ್ಟೀರಿಯಾದ ಕಾಟ ಹೆಚ್ಚು, ಚುಟುಕಾಗಿ ಹೇಳುತ್ತೇನೆ. ಕೋಳಿ ಮಾಂಸವನ್ನು ನಲ್ಲಿಯ ಕೆಳಗೆ ರಭಸದ ನೀರಲ್ಲಿ ತೊಳೆಯಬೇಡಿ, ಹನಿಗಳು ಸಿಂಕು, ಕಟ್ಟೆ, ಪಕ್ಕದ ಪಾತ್ರೆಗಳವರೆಗೂ ಸಿಡಿಯುತ್ತವೆ. ತೊಳೆಯಲೇಬೇಕೆಂದರೆ ಪಾತ್ರೆಯೊಳಗೆ ನಿಧಾನವಾಗಿ ತೊಳೆದು, ಸಿಂಕನ್ನು ಸೋಪಿನಿಂದ ಉಜ್ಜಿ. ಮಾಂಸದ ಮಣೆ, ಚಾಕು ಬೇರೆ, ಹಸಿ ತರಕಾರಿಯದು ಬೇರೆ. ಫ್ರಿಜ್ಜಿನಲ್ಲಿ ಹಸಿ ಮಾಂಸ ಯಾವತ್ತೂ ಕೆಳಗಿನ ಅಂತಸ್ತಿನಲ್ಲಿ, ಮುಚ್ಚಳವಿರುವ ಡಬ್ಬದಲ್ಲಿ. ದಪ್ಪ ತುಂಡಿನ ನಡುಭಾಗ 74 ಡಿಗ್ರಿ ಮುಟ್ಟಬೇಕು, ಆಗ ಹಕ್ಕಿಜ್ವರದ ವೈರಸ್ಸೂ ಉಳಿಯುವುದಿಲ್ಲ. 2024ರಲ್ಲಿ ಅಮೆರಿಕದ ಹಸುಗಳ ಹಾಲಿನಲ್ಲೂ ಹಕ್ಕಿಜ್ವರದ ವೈರಸ್ ಸಿಕ್ಕ ಮೇಲೆ ಹಸಿ ಹಾಲು ಕುಡಿಯುವ ಅಭ್ಯಾಸ ಬಿಡುವುದಕ್ಕೆ ಇನ್ನೊಂದು ಕಾರಣ ಸಿಕ್ಕಿದೆ. ಹಾಲಿನವರು ತಂದ ಹಾಲನ್ನು ಕಾಯಿಸಿಯೇ ಕುಡಿಯಿರಿ.

ಮೊಟ್ಟೆ ತಂದ ಕೂಡಲೇ ತೊಳೆದಿಡಬೇಡಿ. ಚಿಪ್ಪಿನ ಮೇಲಿನ ತೆಳು ಪೊರೆ ಹೋಗಿ, ಸಣ್ಣ ರಂಧ್ರಗಳ ಮೂಲಕ ಕೊಳೆ ಒಳಗೆ ಸೇರುತ್ತದೆ. ಒಡೆಯುವ ಮುಂಚೆ ತೊಳೆದು, ಮೊಟ್ಟೆ ಮುಟ್ಟಿದ ಕೈ ತೊಳೆದರೆ ಸರಿ.

ಕರಾವಳಿಯವರಿಗೆ ಒಂದು ಮಾತು. ಮರುವಾಯಿ ಮತ್ತಿತರ ಚಿಪ್ಪುಗಳು ದಿನವಿಡೀ ನೀರನ್ನು ಸೋಸಿ ತಿನ್ನುವ ಪ್ರಾಣಿಗಳು, ಅಳಿವೆಗೆ ಕೊಳಚೆ ಸೇರಿದರೆ ಅದರ ವೈರಸ್ ಅವುಗಳ ಮೈಯಲ್ಲಿ ಕೂಡಿಕೊಳ್ಳುತ್ತದೆ. ಹಬೆಗೆ ಬಾಯಿ ತೆರೆದ ತಕ್ಷಣ ಇಳಿಸಿದರೆ ಒಳಗಿನ ಮಾಂಸ ಇನ್ನೂ ಸಾಕಷ್ಟು ಬಿಸಿಯಾಗಿರುವುದಿಲ್ಲ. ಮಾಂಸದ ಒಳಗೆ 90 ಡಿಗ್ರಿ ಒಂದೂವರೆ ನಿಮಿಷ ಇರಬೇಕು. ಬಾಯಿ ತೆರೆದ ಮೇಲೂ ಮಸಾಲೆಯಲ್ಲಿ ಐದು ನಿಮಿಷ ಕುದಿಸಿದರೆ ನಿಶ್ಚಿಂತೆ, ಸುಕ್ಕದಲ್ಲಿ ಅದು ತಾನಾಗಿಯೇ ಆಗುತ್ತದೆ.

ಮನೆಯಲ್ಲಿ ಯಾರಿಗಾದರೂ ವಾಂತಿ ಶುರುವಾದರೆ

ಹೊರಗಿಂದ ಬಂದ ಪೊಟ್ಟಣಗಳಿಗಿಂತ ನೂರು ಪಾಲು ಅಪಾಯದ ಸಮಯ ಇದು. ವಾಂತಿಭೇದಿ ಆದವರು ಅಡುಗೆಮನೆಗೆ ಬರಬಾರದು, ಬಡಿಸಬಾರದು. ವಾಂತಿಭೇದಿ ನಿಂತ ಮೇಲೂ ಕನಿಷ್ಠ 48 ಗಂಟೆ. ಅಮ್ಮನಿಗೇ ಹುಷಾರಿಲ್ಲದಿದ್ದರೂ ಎದ್ದು ಬೇಯಿಸಿ ಹಾಕುವುದು ನಮ್ಮ ಮನೆಗಳಲ್ಲಿ ಮಾಮೂಲು. ದಯವಿಟ್ಟು ಉಳಿದವರು ಆ ಎರಡು ದಿನ ಒಲೆ ಹಿಡಿಯಿರಿ. ಇದು ಅವರ ವಿಶ್ರಾಂತಿಗೂ ಬೇಕು, ಮನೆಯವರ ಹೊಟ್ಟೆಗೂ ಬೇಕು. ನೋರೊವೈರಸ್ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಮಲದಲ್ಲಿ ಹೋಗುತ್ತಲೇ ಇರುತ್ತದೆ, ಆದ್ದರಿಂದ 48 ಗಂಟೆ ಕಳೆದ ಮೇಲೂ ಕೋಸಂಬರಿ, ಚಟ್ನಿಯಂಥ ಬೇಯಿಸದ ಕೆಲಸ ಕೆಲವು ದಿನ ಬೇರೆಯವರು ನೋಡಿಕೊಂಡರೆ ಒಳ್ಳೆಯದು.

ವಾಂತಿ ಬಿದ್ದ ಜಾಗಕ್ಕೆ ಫಿನಾಯಿಲ್ ಸಾಲದು. ಕಿಟಕಿ ತೆರೆದು, ಗ್ಲೌಸು, ಮಾಸ್ಕು ಹಾಕಿಕೊಂಡು, ಮೊದಲು ಹಳೇ ಪೇಪರಿನಿಂದ ಮುಚ್ಚಿ ಎತ್ತಿ ಕವರಿಗೆ ಹಾಕಿ ಕಟ್ಟಿ. ಗುಡಿಸಬೇಡಿ, ಕಣಗಳು ಗಾಳಿಗೆ ಏಳುತ್ತವೆ. ಸೋಪಿನ ನೀರಲ್ಲಿ ಒರೆಸಿದ ಮೇಲೆ ಬ್ಲೀಚ್: ಶೇ 5ರ ಹೈಪೋಕ್ಲೋರೈಟ್ ಲೀಟರ್ ನೀರಿಗೆ 20 ಮಿಲಿಲೀಟರ್ ಹಾಕಿದರೆ 1000 ಪಿಪಿಎಂ ಆಗುತ್ತದೆ, ಮಾಮೂಲಿ ನೆಲಕ್ಕೆ ಇಷ್ಟು ಸಾಕು. ವಾಂತಿ ನೇರವಾಗಿ ಬಿದ್ದ ಜಾಗಕ್ಕೆ 100 ಮಿಲಿಲೀಟರ್ ಹಾಕಿ 5000 ಪಿಪಿಎಂ ಮಾಡಿಕೊಳ್ಳಿ. ಬ್ಲೀಚಿಂಗ್ ಪೌಡರ್ ಆದರೆ ಹೊಸದರಲ್ಲಿ ಸುಮಾರು ಶೇ 33 ಕ್ಲೋರಿನ್ ಇರುತ್ತದೆ, ಲೀಟರಿಗೆ 3 ಗ್ರಾಂ ಹಾಕಿದರೆ 1000 ಪಿಪಿಎಂ ಹತ್ತಿರ. ಗಾಳಿಯಾಡಿ ಗಂಟುಕಟ್ಟಿದ ಪೌಡರಿನಲ್ಲಿ ಬಲ ಉಳಿದಿರುವುದಿಲ್ಲ. ಜಾಗ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು, ಹಚ್ಚಿ ತಕ್ಷಣ ಒರೆಸಿದರೆ ಕೆಲಸವಾಗದು. ನಲ್ಲಿಯ ತಿರುಪು, ಫ್ಲಶ್ ಗುಂಡಿ, ಬಾಗಿಲ ಚಿಲಕ, ಫ್ರಿಜ್ಜಿನ ಹಿಡಿ, ಟಿವಿ ರಿಮೋಟ್ ಮರೆಯಬೇಡಿ. ಕಲಸಿದ ದ್ರಾವಣ ಅಂದಂದಿಗೇ ಮುಗಿಯಬೇಕು.

ಬ್ಲೀಚನ್ನು ಟಾಯ್ಲೆಟ್ ಕ್ಲೀನರ್, ವಿನಿಗರ್, ನಿಂಬೆರಸ ಯಾವುದರ ಜೊತೆಗೂ ಬೆರೆಸಬೇಡಿ. ಆಮ್ಲ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಉಸಿರಾಟಕ್ಕೇ ಕುತ್ತು. ಮಿನರಲ್ ವಾಟರ್ ಬಾಟಲಿಯಲ್ಲಿ ಬ್ಲೀಚ್ ತುಂಬಿಡುವ ಅಭ್ಯಾಸವೂ ಬೇಡ, ಮಕ್ಕಳು ನೀರೆಂದು ಕುಡಿದುಬಿಡುತ್ತಾರೆ.

ಕಾಮಾಲೆಯ ಲೆಕ್ಕ ಬೇರೆ. ಹೆಪಟೈಟಿಸ್ ಎ ಒಳಗೆ ಹೋಗಿ ಸರಾಸರಿ 28 ದಿನಕ್ಕೆ ರೋಗ ಕಾಣುತ್ತದೆ, ಮತ್ತು ಕಣ್ಣು ಹಳದಿಯಾಗುವ ಮುಂಚಿನ ಎರಡು ವಾರದಲ್ಲೇ ಅದು ಹೆಚ್ಚು ಹರಡುತ್ತದೆ. ಅಡುಗೆ ಮಾಡುವವರಿಗೇ ಆಗ ಏನೂ ಗೊತ್ತಿರುವುದಿಲ್ಲ. ಆ ಹಂತದಲ್ಲಿ ದಿನನಿತ್ಯ ಕೈ ತೊಳೆಯುವುದೇ ಅಡುಗೆಮನೆಯ ಮುಖ್ಯ ರಕ್ಷಣೆ. ಹೆಪಟೈಟಿಸ್ ಇ ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಪ್ರಾಣಾಂತಿಕ ಆಗಬಹುದು. ಬೀದಿಯಲ್ಲಿ ಕಾಮಾಲೆ ಹಬ್ಬಿದ ಸುದ್ದಿ ಬಂದ ದಿನದಿಂದಲೇ ಅವರಿಗೆ ಕುದಿಸಿದ ನೀರು, ಮನೆಯ ಬಿಸಿ ಊಟ ಮಾತ್ರ ಕೊಡಿ, ಪಾನಿಪುರಿ, ಐಸ್ ಹಾಕಿದ ಕಬ್ಬಿನ ಹಾಲು, ಗಾಡಿಯ ಹೆಚ್ಚಿಟ್ಟ ಹಣ್ಣು ನಿಲ್ಲಿಸಿ. ಹೆಪಟೈಟಿಸ್ ಎ ಗೆ ಲಸಿಕೆ ಇದೆ. ಮನೆಯಲ್ಲಿ ಒಬ್ಬರಿಗೆ ಅದು ಖಚಿತವಾದರೆ ಉಳಿದವರು ಸಂಪರ್ಕವಾದ 14 ದಿನದೊಳಗೆ ಹಾಕಿಸಿಕೊಂಡರೂ ಫಲವಿದೆ, ಹಾಗಾಗಿ ನಾಟಿ ಮದ್ದು ಹುಡುಕುತ್ತ ದಿನ ಕಳೆಯದೆ ರಕ್ತಪರೀಕ್ಷೆಯ ವರದಿ ಬಂದ ದಿನವೇ ವೈದ್ಯರನ್ನು ಕೇಳಿ.